ಶ್ರಾವಣದಲ್ಲಿ ಒಳಗೆ ಬಂದ ತತ್ತಿ

ನಮ್ಮ ಓಣಿಯಲ್ಲಿ ತತ್ತಿ ತಿನ್ನುವ ಮನೆ ಒಂದೂ ಇರಲಿಲ್ಲ. ಆದರೂ ಓಣಿಯ ತುದಿಯಲ್ಲಿ ಕೋಳಿ ಸಾಕಿದಾಕೆ ಮುಂಜಾನೆ ಕಟ್ಟೆಯ ಮೇಲೆ ಇಟ್ಟ ತತ್ತಿಯ ಬುಟ್ಟಿ ಹೊತ್ತು ಏರುವುದರೊಳಗೆ ಖಾಲಿಯಾಗುತ್ತಿತ್ತು. ಯಾರು ಒಯ್ಯುತ್ತಿದ್ದರೋ, ಎಲ್ಲಿಗೆ ಒಯ್ಯುತ್ತಿದ್ದರೋ ದೇವರಿಗೇ ಗೊತ್ತು. ಪ್ರತಿ ಮನೆಯ ಹಿತ್ತಲ ಗೋಡೆಗೆ ಒಂದು ಮೊಳೆ, ಆ ಮೊಳೆಗೆ ಕರ್ರಗಿನ ಒಂದು ತವಾ ತೂಗುತ್ತಿತ್ತು. ಅದಕ್ಕೆ ಹೊರಗಿನ ತವಾ ಅನ್ನುತ್ತಿದ್ದೆವು. ಒಳಗಿನ ತವಾದ ಮೇಲೆ ರೊಟ್ಟಿ ಬೇಯುತ್ತಿತ್ತು. ಹೊರಗಿನದರ ಮೇಲೆ ಏನು ಬೇಯುತ್ತದೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ತಮ್ಮ ಹಿತ್ತಲ ಮಾತೂ ಬರುತ್ತದಲ್ಲ.

ನಾನು ಸವದತ್ತಿ ಕಡೆಯ ಹಳ್ಳಿಯವಳು. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಎಮ್ಮೆ ಕಾದು, ದೊಡ್ಡವಳಾದ ಮೇಲೆ ಸಂಗೊಳ್ಳಿಯ ಈ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಉಪವಾಸ. ನನ್ನ ಕೈಯಿಂದ ತತ್ತಿ ಬೇಯುವ ಕಾಲ ಬಂದೀತೆಂದು ಯಾರಾದರೂ ಆಗ ಹೇಳಿದ್ದರೆ ಅವರಿಗೆ ಜ್ವರ ಬಂದಿದೆಯೆಂದು ತಿಳಿಯುತ್ತಿದ್ದೆ. ಆ ಕಾಲ ಬಂದದ್ದು ನನ್ನ ಸೊಸೆ ಬಸುರಾದ ವರ್ಷ.

ಮಗನ ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಎಲ್ಲಮ್ಮನ ಗುಡ್ಡಕ್ಕೆ ನಾನು ಹೊತ್ತ ಹರಕೆಗಳಲ್ಲಿ ಯಾವುದು ತೀರಿದೆ, ಯಾವುದು ಬಾಕಿ ಎಂಬುದು ನನಗೇ ಮರೆತುಹೋಗಿತ್ತು. ಆ ತಾಯಿಗೂ ಮರೆತಿರಬೇಕು. ಸೊಸೆ ಬೈಲಹೊಂಗಲದ ಒಂದು ಸಾಲಿಯಲ್ಲಿ ಕಲಿಸುವ ಅಕ್ಕೋರು. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಾಳೆ. ಒಂದು ಸಂಜೆ ಬಸ್ಸಿಳಿದವಳು ಚಪ್ಪಲಿ ಬಿಡುವುದಕ್ಕೂ ಮೊದಲು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. ಜೋಳ ಹಸನು ಮಾಡುತ್ತ ಕುಳಿತಿದ್ದೆ, ಮೊರ ಕೈಯಿಂದ ಜಾರಿತು. ಗುಬ್ಬಿಗಳು ಬಂದು ಜೋಳ ತಿನ್ನತೊಡಗಿದವು. ತಿನ್ನಲಿ, ಇನ್ನಷ್ಟು ಚೆಲ್ಲಲೇ ಅನ್ನಿಸಿತು. ಆನಂದಕ್ಕೆ ಮೈ ತುಂಬ ಬಾಯಿ ಬಂದಂತಾಗಿತ್ತು. ಆದರೆ ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು ಎಂಬುದು ಪದ್ಧತಿ. ನಾನು ಪದ್ಧತಿ ಮೀರುವವಳಲ್ಲ. ಎಮ್ಮೆಗೆ ಹೇಳಿದೆ. ಬಾವಿಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಮುದುಕಿಯರಿಗೆ, ಯಾರಿಗೂ ಹೇಳಬ್ಯಾಡ್ರಿ ಎಂದು ಆಣೆ ಹಾಕಿಸಿ ಹೇಳಿದೆ. ಅಷ್ಟೇ. ಮರುದಿನ ಕಿತ್ತೂರಿನಿಂದ ನಮ್ಮ ನಾದಿನಿ ಫೋನು ಮಾಡಿ ಏನು ಹೆಣ್ಣೋ ಗಂಡೋ ಎಂದು ಕೇಳಿದಳು.

ಆದರೆ ಆ ಆನಂದ ನೆಮ್ಮದಿಯಿಂದ ಕೂಡಲಿಲ್ಲ. ಸೊಸೆಗೆ ವಾಂತಿ ಶುರುವಾಯಿತು. ಎಲ್ಲ ಬಸುರಿಯರಿಗೂ ಆಗುವುದೇ, ತಿಂಗಳು ತುಂಬಿದರೆ ನಿಲ್ಲುತ್ತದೆ ಎಂದೆವು. ತಿಂಗಳು ತುಂಬಿತು, ನಿಲ್ಲಲಿಲ್ಲ. ರೊಟ್ಟಿ ತಿಂದರೆ ಬಂತು, ಅನ್ನ ತಿಂದರೆ ಬಂತು. ಮಾದಲಿ ಮಾಡಿದೆ, ಹೋಳಿಗೆ ಮಾಡಿದೆ, ಎಮ್ಮೆ ಈದ ಮನೆಯಿಂದ ಗಿಣ್ಣದ ಹಾಲು ತಂದು ಕಾಸಿದೆ. ಎಲ್ಲವೂ ಒಳಗೆ ಹೋಗಿ, ಜಾಗ ಹಿಡಿಸಲಿಲ್ಲ ಎಂಬಂತೆ ತಿರುಗಿ ಬಂದವು. ಐದನೆಯ ತಿಂಗಳಿಗೆ ಬಳೆಗಳು ಮೊಳಕೈವರೆಗೆ ಸರಿದಾಡತೊಡಗಿದವು. ಬೈಲಹೊಂಗಲದ ಡಾಕ್ಟರಮ್ಮ ಮಷಿನ್ನು ಹಚ್ಚಿ ನೋಡಿ, ಕೂಸು ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲ, ಹೀಗೇ ಆದರೆ ಕಷ್ಟ ಎಂದರು. ಗುಳಿಗೆ ಬರೆದುಕೊಟ್ಟರು. ಆಮೇಲೆ ನನ್ನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, ಸ್ವಲ್ಪ ಮೆಲ್ಲಗೆ, ದಿನಾ ಮುಂಜಾನೆ ತತ್ತಿ ತಿನ್ನಿಸಿ ಎಂದೂ ಹೇಳಿದರು.

ಬಸ್ಸಿನಲ್ಲಿ ಬರುವಾಗ ಇಬ್ಬರೂ ಕಿಡಕಿಯ ಹೊರಗೇ ನೋಡುತ್ತಿದ್ದೆವು. ಅರ್ಧ ದಾರಿಯಲ್ಲಿ ಸೊಸೆ ಬಾಯಿ ಬಿಟ್ಟಳು.

"ಅತ್ತೀ, ಸಿಟ್ಟ ಆಗಬ್ಯಾಡ್ರಿ. ಡಾಕ್ಟರಮ್ಮ ಹೇಳಿದ್ರು ಅಂತ ಅಲ್ಲ, ನನಗೂ ಅದನ್ನ ತಿನ್ನಬೇಕ ಅನಸಾಕ ಹತ್ತೈತ್ರಿ. ಹದಿನೈದು ದಿನ ಆತು."

ಎಲ್ಲಿ ತಿಂದಿದ್ದೆ ಎಂದು ಕೇಳಿದೆ. ಧಾರವಾಡದಲ್ಲಿ ಓದುವಾಗ ಹಾಸ್ಟೆಲ್ಲಿನಲ್ಲಿ ಎಂದಳು. ಸರಿ, ಹಾಸ್ಟೆಲ್ಲು ಅಂದ ಮೇಲೆ ಮುಗಿಯಿತು. ನಮ್ಮ ಕಡೆ ಮಕ್ಕಳು ಕೆಡುವುದೆಲ್ಲ ಹಾಸ್ಟೆಲ್ಲಿನಲ್ಲಿಯೇ.

ಮನೆಗೆ ಬಂದು ಯಜಮಾನರ ಮುಂದೆ ಮಾತು ತೆಗೆದೆ. ನಮ್ಮ ಯಜಮಾನರು ಪೂಜೆಯಾಗದೆ ನೀರೂ ಮುಟ್ಟದವರು. ತತ್ತಿ ಒಳಗೆ ಬಂದರೆ ತಾವು ಹೊರಗೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನೂ ಬಿಡಲಿಲ್ಲ.

"ಬಸುರಿ ಬಯಸಿದ್ದು ಕೊಡದಿದ್ರ ಕೂಸಿನ ಕಿವಿ ಸೋರ್ತಾವಂತ. ನಿಮ್ಮ ಅವ್ವನ ಹೇಳತಿದ್ರು."

"ತತ್ತಿ ಒಳಗ ತರಬಾರದು ಅಂತನೂ ನಮ್ಮವ್ವನ ಹೇಳತಿದ್ಲು."

"ಹಂಗಾರ ಅವರ ಎರಡೂ ಮಾತಿನಾಗ ಯಾವುದು ನಡಸೂದು, ನೀವ ಹೇಳ್ರಿ."

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಝಾಡಿಸಿ, ಮತ್ತೆ ಹೆಗಲ ಮೇಲೆ ಹಾಕಿಕೊಂಡು ದನದ ಕೊಟ್ಟಿಗೆಗೆ ಹೋದರು. ಉತ್ತರ ಇಲ್ಲದಾಗ ಅವರು ಎಮ್ಮೆಗೆ ಮೇವು ಹಾಕುತ್ತಾರೆ. ಆ ವರ್ಷ ನಮ್ಮ ಎಮ್ಮೆ ಬಹಳ ಮೈ ತುಂಬಿಕೊಂಡಿತು.

ಖರೆ ಹೇಳಬೇಕೆಂದರೆ ಅವರ ಅವ್ವ, ಅಂದರೆ ನನ್ನ ಅತ್ತೆ, ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದ್ದರು. ನನ್ನ ಮಗ ಚಿಕ್ಕವನಿದ್ದಾಗ ಎದೆಯಲ್ಲಿ ಕಫ ಕಟ್ಟಿ ಎಲುಬಿನ ಗೂಡಾಗಿದ್ದ. ಆಗಲೂ ಡಾಕ್ಟರು ತತ್ತಿ ಎಂದಿದ್ದರು. ಅತ್ತೆ ಇಡೀ ದಿನ ಯಾರೊಡನೆಯೂ ಮಾತಾಡದೆ ಕುಳಿತು, ಸಂಜೆಗೆ ಔಷಧಕ್ಕೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಅಂದಿನಿಂದ ಅದರ ಹೆಸರು ಗುಳಿಗೆ ಆಯಿತು. ಹೊಲದ ಕೆಲಸಕ್ಕೆ ಬರುವಾಕೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಕುಳ್ಳಿನ ಬೆಂಕಿಯಲ್ಲಿ ಒಂದು ಡಬ್ಬಿಯಲ್ಲಿ ಗುಳಿಗೆ ಕುದಿಸುತ್ತಿದ್ದಳು. ಮೊದಮೊದಲು ಹಸಿಯದನ್ನೇ ಹಾಲಿನಲ್ಲಿ ಕಲಸಿ ಕುಡಿಸುತ್ತಿದ್ದರು; ಹುಡುಗ ಉಗುಳಿದ. ಆಮೇಲೆ ಕುದಿಸಿದರು. ಬರೀ ಕುದಿಸಿದ್ದು ಸಪ್ಪೆ ಎಂದು ಹುಡುಗ ಅತ್ತ. ಉಪ್ಪು, ಖಾರಪುಡಿ ಬಂತು. ಡಬ್ಬಿ ಹೋಗಿ ತವಾ ಬಂತು, ತವಾದ ಹಿಂದೆ ಎಣ್ಣೆ, ಉಳ್ಳಾಗಡ್ಡಿ ಬಂದವು. ಅತ್ತೆ ನಡುಮನೆಯಲ್ಲಿ ಕುಳಿತು, ಹುಡುಗನಿಗೆ ಗುಳಿಗೆ ಕೊಟ್ಟಿರೇನು ಎಂದು ಕೇಳುವರು. ಹುಡುಗನ ಕಫ ಒಂದು ಮಳೆಗಾಲದಲ್ಲೇ ವಾಸಿಯಾಯಿತು. ಔಷಧ ಮಾತ್ರ ಅವನಿಗೆ ಮೀಸೆ ಬರುವವರೆಗೂ ನಡೆಯಿತು.

ಅಷ್ಟೆಲ್ಲ ನಡೆದರೂ ನಾನು ತತ್ತಿ ಮುಟ್ಟಿರಲಿಲ್ಲ. ಆ ಕೆಲಸದಾಕೆ ತೀರಿಹೋಗಿ ವರ್ಷಗಳಾಗಿದ್ದವು. ಈಗ ಮುಟ್ಟುವವರು ಯಾರು? ಸೊಸೆ ಒಲೆಯ ಮುಂದೆ ನಿಂತರೇ ಓಕರಿಸುತ್ತಿದ್ದಳು. ಉಳಿದವಳು ನಾನೇ.

ಅದರಲ್ಲಿಯೂ ಬಂದದ್ದು ಶ್ರಾವಣ. ತಿನ್ನುವ ಜನವೂ ಬಿಡುವ ತಿಂಗಳು. ಊರೆಲ್ಲ ಬಿಟ್ಟಿದ್ದನ್ನು ನಾವು ಶುರು ಮಾಡಿದೆವು. ಕೋಳಿಯಾಕೆಯ ಹತ್ತಿರ ಹೋಗಿ ನಿಂತೆ. ಆಕೆ ನನ್ನ ಮುಖ ನೋಡಿ, ನಾಲ್ಕು ತತ್ತಿ ತೆಗೆದು ನನ್ನ ಮೆಂತ್ಯದ ಸೊಪ್ಪಿನ ಚೀಲದ ತಳಕ್ಕೆ ಇಟ್ಟು ಮೇಲೆ ಸೊಪ್ಪು ಸರಿಪಡಿಸಿದಳು. ಎಷ್ಟು ಅಚ್ಚುಕಟ್ಟಾಗಿ ಸರಿಪಡಿಸಿದಳೆಂದರೆ, ಈ ಓಣಿಯ ಎಷ್ಟು ಮೆಂತ್ಯದ ಸೊಪ್ಪು ಆಕೆಯ ಕೈಯಿಂದ ದಾಟಿರಬೇಕು ಎಂದು ನನಗೆ ಅರ್ಥವಾಯಿತು.

ಇನ್ನು ಬೇಯಿಸುವ ಜಾಗ. ಹಿತ್ತಲಲ್ಲಿ ಮಳೆ, ಕೊಟ್ಟಿಗೆಯಲ್ಲಿ ಕಲ್ಲು ಹೂಡಿದರೆ ಒದ್ದೆ ಕುಳ್ಳು ಹತ್ತುವುದಿಲ್ಲ. ಮಗ ಬೈಲಹೊಂಗಲದಿಂದ ಕರೆಂಟಿನ ಒಲೆ ತಂದ, ಮೇಲೆ ಗಾಜು ಇರುತ್ತದಲ್ಲ, ಅದು. ಪಡಸಾಲೆಯಲ್ಲಿ ಇಡೋಣ ಎಂದರೆ ಅದರ ದಪ್ಪ ಪಿನ್ನು ಹೋಗುವ ಬೋರ್ಡು ಅಡುಗೆಮನೆಯಲ್ಲಿ ಮಿಕ್ಸರ್ ಪಕ್ಕದಲ್ಲಿ ಮಾತ್ರ ಇತ್ತು. ವೈರು ಹೊಸ್ತಿಲವರೆಗೂ ಬರಲಿಲ್ಲ. ಧರ್ಮವನ್ನಾದರೂ ಎಳೆದು ಉದ್ದ ಮಾಡಬಹುದು, ವೈರನ್ನು ಮಾಡಲಾದೀತೇ? ನಾನು ಯಜಮಾನರನ್ನು ಕರೆದೆ. ಒಲೆ ಹಚ್ಚಿ, ಇದರಲ್ಲಿ ಬೆಂಕಿ ಎಲ್ಲಿದೆ ತೋರಿಸಿರಿ ಎಂದೆ. ಅವರು ಬಗ್ಗಿ ನೋಡಿದರು. ಗಾಜಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು.

"ಬೆಂಕಿ ಇಲ್ಲಂದಮ್ಯಾಗ ಇದು ಒಲೀನ ಅಲ್ಲ," ಎಂದರು.

ನಮ್ಮ ಮನೆಯಲ್ಲಿ ಅಗ್ನಿ ಮೈಲಿಗೆಯಾಗಬಾರದು ಎಂಬುದು ತಾನೇ ನೇಮ? ಒಲೆಯೇ ಅಲ್ಲದ್ದರ ಮೇಲೆ ಏನು ಇಟ್ಟರೇನು? ಹೀಗೆ ತತ್ತಿ ಒಳಗೆ ಬಂತು. ಯಜಮಾನರೂ ಮಾತಿಗೆ ತಪ್ಪಲಿಲ್ಲ, ತಮ್ಮ ನಾಷ್ಟಾದ ತಾಟು ಹಿಡಿದುಕೊಂಡು ದನದ ಕೊಟ್ಟಿಗೆಗೆ ಹೋದರು. ಅತ್ತೆಯ ಕಾಲದಲ್ಲಿ ಮಂದಿ ಒಳಗೆ, ತತ್ತಿ ಕೊಟ್ಟಿಗೆಯಲ್ಲಿ. ನನ್ನ ಕಾಲದಲ್ಲಿ ತತ್ತಿ ಒಳಗೆ, ಯಜಮಾನರು ಕೊಟ್ಟಿಗೆಯಲ್ಲಿ. ಸುಧಾರಣೆ ಅಂದರೆ ಇದೇ ಇರಬೇಕು.

ಮೊದಲ ದಿನ ನಾನು ತತ್ತಿಯನ್ನು ಅರಿಶಿನದ ನೀರಲ್ಲಿ ತೊಳೆದು, ಕುಕ್ಕರಿನಲ್ಲಿ ಹಾಕಿ ಮುಚ್ಚಿದೆ. ಮಡಕಿಕಾಳಿಗೆ ಮೂರು ಸೀಟಿ. ಇದರ ಸಿಪ್ಪೆ ಗಟ್ಟಿ, ಇನ್ನೆರಡು ಹೆಚ್ಚಿಗಿರಲಿ ಎಂದು ಬಿಟ್ಟೆ. ಮುಚ್ಚಳ ತೆಗೆದಾಗ ತತ್ತಿ ಒಡೆದು ಚೂರಾಗಿ, ಕುಕ್ಕರಿನ ತುಂಬ ಹರಿದ ಅರಿವೆಯಂತೆ ತೇಲುತ್ತಿತ್ತು. ವಾಸನೆ ನಡುಮನೆ ದಾಟಿ ದೇವರ ಕೋಣೆಗೆ ಹೋಯಿತು. ಸೊಸೆ ಹಿತ್ತಲಿಗೆ ಓಡಿದಳು.

ಮರುದಿನ ಮಗ ತಾನು ಮಾಡುತ್ತೇನೆಂದು ನಿಂತ. ಬೈಲಹೊಂಗಲದ ಗಾಡಿಗಳಲ್ಲಿ ಆಮ್ಲೇಟು ಹೊಯ್ಯುವುದನ್ನು ಅವನು ದೂರದಿಂದ ನೋಡಿದ್ದನಂತೆ. ಎಷ್ಟು ದೂರದಿಂದ ಎಂದು ನಾನು ಕೇಳಲಿಲ್ಲ. ಫೋನಿನಲ್ಲಿ ಒಬ್ಬಾಕೆ ಮಾಡಿ ತೋರಿಸುತ್ತಿದ್ದಳು, ಇವನು ಇಲ್ಲಿ ಮಾಡುತ್ತಿದ್ದ. ಆಕೆಯದು ಹಳದಿ ಹೂವಿನಂತೆ ಅರಳಿತು. ಇವನದು ಅಂಚು ಕರಕಲು, ನಡುವೆ ಹಸಿ. ಸೊಸೆ ಒಂದು ತುತ್ತು ಬಾಯಲ್ಲಿಟ್ಟು, ಗಂಡನ ಮನಸ್ಸು ನೋಯಬಾರದೆಂದು ಎಷ್ಟೋ ಹೊತ್ತು ನುಂಗದೆ ಕುಳಿತಳು. ಆಮೇಲೆ ಅದೂ ಹಿತ್ತಲಿಗೆ ಹೋಯಿತು. ಆ ದಿನ ಆಕೆ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಕಣ್ಣ ಸುತ್ತ ಕಪ್ಪು. ಕೆಳಗೆ ಕುಳಿತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಮರೆಯುವುದಿಲ್ಲ.

"ಅತ್ತೀ, ಇದು ಒಳಗ ಉಪವಾಸ ಐತ್ರಿ. ನಾ ಏನ ಮಾಡ್ಲಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಆ ತತ್ತಿಯ ಮೇಲೇ ಬಂದಿರಬೇಕು. ಇದು ಯಾವ ಊರಿನ ಸಾಮಾನು, ನನ್ನ ಕೈಗೆ ಒಗ್ಗುವುದಿಲ್ಲ ಅಂದರೆ? ನಲವತ್ತು ವರ್ಷ ಒಲೆಯ ಮುಂದೆ ಕುಳಿತವಳು ನಾನು. ಫೋನಿನಾಕೆ ಹೇಳಿದಂತೆ ಯಾಕೆ, ನನಗೆ ಗೊತ್ತಿದ್ದಂತೆ ಮಾಡುತ್ತೇನೆ ಎಂದುಕೊಂಡೆ. ನನಗೆ ಗೊತ್ತಿದ್ದದ್ದು ಜುಣಕ. ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ತಿರುವಿ ಬೇಯಿಸುವ ನಮ್ಮ ಬಡವರ ಪಲ್ಯ, ರೊಟ್ಟಿಗೆ ಜೋಡಿ.

ಮರುದಿನ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು ಹಾಕಿದೆ. ಉಳ್ಳಾಗಡ್ಡಿ ಕೆಂಪಗೆ ಹುರಿದೆ. ಅರಿಶಿನ, ಮನೆಯ ಮಸಾಲೆ ಖಾರ. ಒಂದು ಹಿಡಿ ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿಕೊಂಡೆ. ಹಿಟ್ಟಿನ ಜೊತೆ ಇದ್ದರೆ ತತ್ತಿಗೂ ಒಂದು ಮರ್ಯಾದೆ. ಆಮೇಲೆ ತತ್ತಿ ಒಡೆಯಬೇಕು. ನನಗೆ ಒಡೆಯಲು ಬರುವುದು ತೆಂಗಿನಕಾಯಿ ಮಾತ್ರ. ದೇವರನ್ನು ನೆನೆದು ಕಲ್ಲಿಗೆ ಒಂದು ಏಟು ಹಾಕಿದೆ. ಮೊದಲನೆಯದು ಕಲ್ಲಿನ ಮೇಲೆಯೇ ಉಳಿಯಿತು. ಎರಡನೆಯದಕ್ಕೆ ಭಕ್ತಿ ಕಡಿಮೆ ಮಾಡಿದೆ, ಪಾತ್ರೆಗೆ ಬಂತು. ಹಿಟ್ಟು, ತತ್ತಿ ಕೂಡಿಸಿ ಒಗ್ಗರಣೆಯಲ್ಲಿ ಸುರಿದು, ಕೈ ಬಿಡದೆ ತಿರುವಿ, ಮುಚ್ಚಿ ಹಬೆಯಲ್ಲಿ ಬಿಟ್ಟೆ.

ಬಿಸಿ ರೊಟ್ಟಿಯ ಮೇಲೆ ಹಾಕಿ ಸೊಸೆಯ ಮುಂದೆ ಇಟ್ಟೆ. ಆಕೆ ಮೂಸಿ ನೋಡಿದಳು. ಒಂದು ತುತ್ತು. ನಾನು, ಮಗ ಇಬ್ಬರೂ ಆಕೆಯ ಗಂಟಲನ್ನೇ ನೋಡುತ್ತಿದ್ದೆವು. ಇನ್ನೊಂದು ತುತ್ತು. ಅರ್ಧ ರೊಟ್ಟಿ ಮುಗಿಯಿತು. ಕೈ ತೊಳೆದುಕೊಂಡು ಗೋಡೆಗೆ ಒರಗಿ ಕುಳಿತಳು. ಹಿತ್ತಲ ಬಾಗಿಲನ್ನು ಯಾರೂ ನೋಡಲಿಲ್ಲ. ಸಾಲಿಯ ಬಸ್ಸಿನ ಹೊತ್ತಾಯಿತು. ಎದ್ದು ಸೀರೆ ನೆರಿಗೆ ಸರಿಪಡಿಸಿಕೊಂಡು ಬಸ್ಸಿಗೆ ಹೋದಳು. ಸಂಜೆ ಬಂದವಳು, ಅದು ಉಳೀತ್ರಿ ಎಂದಳು. ನಾನು ದೇವರ ಕೋಣೆಗೆ ಹೋಗಿ ದೀಪಕ್ಕೆ ಎಣ್ಣೆ ತುಂಬಿಸಿದೆ. ಯಾವುದಕ್ಕಾಗಿ ಎಂದು ದೇವರಿಗೆ ಬಿಡಿಸಿ ಹೇಳಲಿಲ್ಲ.

ಆಮೇಲೆ ಅದು ದಿನದ ನಾಷ್ಟಾ ಆಯಿತು. ತತ್ತಿ ಮುಟ್ಟಿದರೆ ಸ್ನಾನ ಮಾಡಬೇಕು. ಆದ್ದರಿಂದ ಸ್ನಾನಕ್ಕೆ ಮೊದಲು ತತ್ತಿ, ಆಮೇಲೆ ಸ್ನಾನ, ಆಮೇಲೆ ಪೂಜೆ ಎಂದು ಹೊಂದಿಸಿಕೊಂಡೆ. ಒಂದೇ ಸ್ನಾನ ಎರಡಕ್ಕೂ ಆಯಿತು. ಕೆಲವು ದಿನ ಪಡ್ಡಿನ ಹಂಚಿನಲ್ಲಿ ಸಣ್ಣ ಸಣ್ಣ ಗುಂಡುಗಳಾಗಿ ಹೊಯ್ದೆ. ಕೆಲವು ದಿನ ಮೆಂತ್ಯದ ಸೊಪ್ಪು ಹೆಚ್ಚಿ ಹಾಕಿದೆ. ಹೇಗೂ ಜೊತೆಯಲ್ಲೇ ಬಂದದ್ದು. ಡಾಕ್ಟರಮ್ಮ ಮತ್ತೆ ಮಷಿನ್ನು ಹಚ್ಚಿ, ಈಗ ಪರವಾಗಿಲ್ಲ, ಆದರೆ ಹೆರಿಗೆಯವರೆಗೂ ಬಿಡಬಾರದು ಎಂದರು. ಆ ಬಿಡಬಾರದು ಎಂಬ ಮಾತೇ ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಆಕೆಯನ್ನು ತವರಿಗೆ ಕಳಿಸಬೇಕು. ತವರು ರಾಮದುರ್ಗ. ಅಲ್ಲಿ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ, ಅಷ್ಟು ಕಟ್ಟುನಿಟ್ಟಿನ ಮನೆ.

ಕುಬಸಕ್ಕೆ ಬೀಗತಿ ಬುತ್ತಿ ಹೊರಿಸಿಕೊಂಡು ಬಂದರು. ನಾನು ಕರೆಂಟಿನ ಒಲೆಯ ಮೇಲೆ ಇಳಕಲ್ಲಿನ ಹಳೆಯ ಸೀರೆಯ ಸೆರಗು ಮುಚ್ಚಿಟ್ಟಿದ್ದೆ. ಬೀಗತಿ ಅಡುಗೆಮನೆಗೆ ಬಂದವರೇ ಅದಕ್ಕೊಂದು ಕೈ ಮುಗಿದರು. ದೇವರ ಪೀಠ ಎಂದು ತಿಳಿದಿರಬೇಕು. ತಿದ್ದಿ ಹೇಳಲು ಅದು ಹೊತ್ತಲ್ಲ.

ಹೆಂಗಸರೆಲ್ಲ ಹೊರಗೆ ಹಾಡು ಶುರು ಮಾಡಿದಾಗ ಅವರನ್ನು ಒಳಗೇ ನಿಲ್ಲಿಸಿಕೊಂಡೆ. ಬೀಗರ ಮುಂದೆ ಮನೆತನದ ಮಾನ ಬಿಚ್ಚಿಡುವುದು ಸಣ್ಣ ಮಾತಲ್ಲ. ನಾಳೆ ರಾಮದುರ್ಗದ ತುಂಬ ನಮ್ಮ ಮಾತಾಗಬಹುದು. ಆದರೆ ಎರಡು ತಿಂಗಳು ಆಕೆ ಅಲ್ಲಿ ಹೊಟ್ಟೆಗಿಲ್ಲದೆ ಕುಳಿತರೆ?

"ಬೀಗತೇರ, ಒಂದ ಮಾತ ಹೇಳತೇನಿ, ತಪ್ಪ ತಿಳೀಬ್ಯಾಡ್ರಿ. ಡಾಕ್ಟರ ಹೇಳಿದ್ದಕ್ಕ ಅಕಿಗೆ ದಿನಾ ಮುಂಜಾನೆ ತತ್ತಿ ಕೊಡಾಕ ಹತ್ತೇನ್ರಿ. ಅದೊಂದ ಹೊಟ್ಯಾಗ ಉಳಿತೈತಿ. ನಿಮ್ಮಲ್ಲೆ ಅದು ನಿಂತ್ರ ಕೂಸಿಗೆ ತ್ರಾಸ ಆಗ್ತೈತ್ರಿ."

ಬೀಗತಿಯ ಮುಖ ಗಂಭೀರವಾಯಿತು. ಅವರು ಬಾಗಿಲ ಕಡೆ ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಹತ್ತಿರ ಬಂದರು.

"ಹೆಂಗ ಮಾಡತೀರಿ?"

ನಾನು ಜುಣಕದ ಕಥೆ ಹೇಳಿದೆ. ಅವರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ಬಳ್ಳೊಳ್ಳಿ ಹಾಕೂದಿಲ್ಲೇನ್ರಿ? ನಾವು ಜಜ್ಜಿ ಹಾಕ್ತೇವಿ. ಬಳ್ಳೊಳ್ಳಿ ಇಲ್ದ ವಾಸನಿ ಹೋಗೂದಿಲ್ರಿ."

ನಾನು ಅವರ ಮುಖವನ್ನೇ ನೋಡಿದೆ. ಅವರು ನೆಲ ನೋಡಿದರು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದರು. ಈ ಹುಡುಗಿ ಸಣ್ಣವಳಿದ್ದಾಗ ಬಹಳ ಸೊರಗಿದ್ದಳಂತೆ, ಅಲ್ಲಿಯೂ ಡಾಕ್ಟರು ಹೇಳಿದರಂತೆ, ಮಾಳಿಗೆಯ ಮೇಲೆ ಸ್ಟೋವು ಇಟ್ಟು ಮಾಡಿಕೊಡುತ್ತಿದ್ದರಂತೆ. ಬೀಗರಿಗೆ ಗೊತ್ತಾದರೆ ಏನೆಂದಾರು ಎಂದು ಮದುವೆಯ ಮಾತು ನಡೆದಾಗ ಸ್ಟೋವನ್ನೇ ಅಟ್ಟಕ್ಕೆ ಏರಿಸಿದ್ದರಂತೆ. ಹಾಸ್ಟೆಲ್ಲಿನಲ್ಲಿ ತಿಂದೆ ಎಂದು ಸೊಸೆ ಹೇಳಿದ್ದು ತವರಿನ ಮಾನ ಉಳಿಸಲು. ಪಾಪ, ಸುಮ್ಮನೆ ಒಂದು ಹಾಸ್ಟೆಲ್ಲಿನ ಮೇಲೆ ಅಪವಾದ ಹೊರಿಸಿದ್ದಳು. ನಾನು ಎರಡೂ ಕೈ ಹಿಡಿದು ಬೀಗತಿಯನ್ನು ತಬ್ಬಿಕೊಂಡೆ. ಇಷ್ಟು ವರ್ಷ ಹಬ್ಬಕ್ಕೊಮ್ಮೆ ಎರಡು ಮನೆತನದವರು ಎದುರು ಬದುರು ಕುಳಿತು, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ನೋಡ್ರಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದೇ ಹೇಳಿಕೊಂಡದ್ದು.

ಸೊಸೆ ರಾಮದುರ್ಗಕ್ಕೆ ಹೋದಳು. ಅಲ್ಲಿ ಸ್ಟೋವು ಅಟ್ಟದಿಂದ ಇಳಿದು ಮತ್ತೆ ಮಾಳಿಗೆಗೆ ಬಂತು. ಬೀಗತಿ ನನ್ನ ಕಡಲೆಹಿಟ್ಟನ್ನು ಒಪ್ಪಿಕೊಂಡರು, ಬೆಳ್ಳುಳ್ಳಿ ಬಿಡಲಿಲ್ಲ. ದಿನಾ ಮುಂಜಾನೆ ಫೋನು ಮಾಡಿ ಏನು ಮಾಡಿದಿರಿ ಎಂದು ಕೇಳುವುದು ನನ್ನ ಕೆಲಸವಾಯಿತು. ಒಂದು ತಾಸು ಮಾತು ನಡೆಯುತ್ತಿತ್ತು. ಎಷ್ಟು ಹೊತ್ತು ಅಡುಗೆಯ ಮಾತು ಆಡುತ್ತೀರಿ ಎಂದು ಗಂಡಸರು ಬೇಸರಪಟ್ಟರು. ಇವರಿಗೇನು ತಿಳಿಯುತ್ತದೆ?

ನೋವು ಶುರುವಾಗಿದೆ ಎಂದು ಸುದ್ದಿ ಬಂದ ಮುಂಜಾನೆ ನಾನು, ಮಗ ಸವದತ್ತಿಯ ಮೇಲಿಂದ ರಾಮದುರ್ಗದ ಬಸ್ಸು ಹಿಡಿದೆವು. ಎಮ್ಮೆ ಯಾರು ನೋಡಬೇಕು ಎಂದು ಯಜಮಾನರು ಮನೆಯಲ್ಲೇ ಉಳಿದರು. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಸುಸೂತ್ರ ಆಗಲಿ, ಸುಸೂತ್ರ ಆಗಲಿ ಎಂಬ ಒಂದೇ ಜಪ, ದೇವರ ಹೆಸರೂ ನೆನಪಾಗಲಿಲ್ಲ. ನಾವು ಮುಟ್ಟುವಷ್ಟರಲ್ಲಿ ಕೂಸು ಬಂದಾಗಿತ್ತು. ಹೆಣ್ಣು. ತೂಕ ಚೆನ್ನಾಗಿದೆ ಎಂದು ನರ್ಸಮ್ಮ ತಂದು ನನ್ನ ಕೈಗೆ ಕೊಟ್ಟಳು. ಗುಂಡಗೆ, ಕೆಂಪಗೆ, ಮುಷ್ಟಿ ಕಟ್ಟಿಕೊಂಡು, ಉಪವಾಸದ ಗೊಡವೆಯೇ ಇಲ್ಲದ ಮುಖ. ನಾನು ನಕ್ಕೆನೋ ಅತ್ತೆನೋ ತಿಳಿಯದು. ದವಾಖಾನೆಯ ಹಜಾರದಲ್ಲಿ ಕುಳಿತ ಗುರುತಿಲ್ಲದ ಮಂದಿಯ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಸಕ್ಕರೆ ಕಾಯಿಲೆ ಇದೆ ಎಂದವರಿಗೂ ಹಾಕಿದೆ.

ಸೊಸೆಯನ್ನು ಬೀಗತಿಯ ಮನೆಗೆ ಕರೆತಂದ ಮರುದಿನ ನಾವಿಬ್ಬರು ಮುದುಕಿಯರು ಮಾಳಿಗೆ ಏರಿದೆವು. ಬೀಗತಿ ಬೆಳ್ಳುಳ್ಳಿ ಜಜ್ಜಿದರು, ನಾನು ಹಿಟ್ಟು ಕಲಸಿದೆ. ಉಪ್ಪು ಯಾರು ಹಾಕಬೇಕೆಂದು ವಾದ ಮಾಡಿ ಇಬ್ಬರೂ ಹಾಕಿದೆವು. ಸೊಸೆ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಉಪ್ಪಾಗಿದೆ ಎನ್ನುತ್ತಲೇ ಎರಡು ರೊಟ್ಟಿ ತಿಂದಳು. ಮೂರನೆಯದು ಕೇಳಿದಳು. ಬೀಗತಿ ಮಾಳಿಗೆಗೆ ಓಡಿದರು.

ಅಷ್ಟರಲ್ಲಿ ಯಜಮಾನರ ಫೋನು ಬಂತು. ಕೂಸಿನ ಬಣ್ಣ, ಮೂಗು, ಯಾರ ಹೋಲಿಕೆ ಎಲ್ಲ ಹಿಂದಿನ ದಿನವೇ ಕೇಳಿಯಾಗಿತ್ತು. ಇವತ್ತು ಸುಮ್ಮನೆ ಎಮ್ಮೆಯ ಸುದ್ದಿ ಹೇಳಿದರು, ಹೊಲದ ಸುದ್ದಿ ಹೇಳಿದರು. ಆಮೇಲೆ ಕೇಳಿದರು.

"ಹುಡುಗಿ ಹೊಟ್ಟಿ ತುಂಬ ಉಂಡ್ಲೇನು?"

"ಮೂರನೇ ರೊಟ್ಟಿ ನಡದೈತ್ರಿ."

ರೊಟ್ಟಿಗೆ ಏನು ಹಚ್ಚಿಕೊಂಡಳು ಎಂದು ಅವರು ಕೇಳಲಿಲ್ಲ. ಮೂಗು ಸೀಟಿದ ಸಪ್ಪಳ ಮಾತ್ರ ಕೇಳಿಸಿತು. ಏನ್ರೀ ಅದು ಎಂದೆ. ನೆಗಡಿ ಆಗಿದೆ ಎಂದರು. ಆಗಿರಬೇಕು, ಮಳೆಗಾಲವೆಲ್ಲ ಆ ಕೊಟ್ಟಿಗೆಯಲ್ಲಿ ಕುಳಿತು ನಾಷ್ಟಾ ಮಾಡಿದವರಲ್ಲವೇ.